ನಾಟಕದ ಬಂದೂಕು: ಯಾವ ಮಾದರಿ, ಯಾವ ಬಿಡಿಭಾಗ?

ಪುಣೆ: ಶಿವಾಜಿನಗರದ ಸದಸ್ಯರೊಬ್ಬರ ಮನೆಯಲ್ಲಿ ನಮ್ಮ ಬಳಗದ ರಾಜ್ಯೋತ್ಸವ ನಾಟಕದ ಪೂರ್ವಸಿದ್ಧತಾ ಸಭೆ ಸೇರಿತ್ತು. ಕಥೆ 1962ರ ಚೀನಾ ಯುದ್ಧದ್ದು. ಪಾತ್ರ ಹಂಚಿಕೆ ಸುಸೂತ್ರವಾಗಿ ಮುಗಿಯಿತು. ಕಗ್ಗಂಟಾದದ್ದು ಬಂದೂಕಿನ ವಿಷಯ.

ಚಿಂಚವಾಡದ ಕಾರ್ಖಾನೆಯಲ್ಲಿ ಕೆಲಸ ಮಾಡುವ ನಮ್ಮ ಯುವಕನೊಬ್ಬ ಉತ್ಸಾಹದಿಂದ ಎಸ್.ಎಲ್.ಆರ್. ರೈಫಲಿನ ಚಿತ್ರ ತೋರಿಸಿದ. "ಅಂಕಲ್, ರಿಸೀವರ್ ಒಂದನ್ನು ಉಕ್ಕಿನಲ್ಲಿ ಮಾಡಿಸೋಣ. ಹಳೆಯ ಬಿಡಿಭಾಗ ಸಿಕ್ಕರೆ ಜೋಡಿಸೋಣ. ಥೇಟ್ ಅಸಲಿಯಂತೆ ಕಾಣುತ್ತದೆ" ಎಂದ. ರಿಸೀವರ್ ಎಂದರೆ ಬಂದೂಕಿನ ನಡು. ನಳಿಗೆ, ಬೋಲ್ಟ್, ಮ್ಯಾಗಜಿನ್ ಎಲ್ಲ ಅದಕ್ಕೇ ಕೂಡುವುದು.

ಮೂಲೆಯಲ್ಲಿ ಕುಳಿತಿದ್ದ ಬೆಳಗಾವಿ ಕಡೆಯ ನಿವೃತ್ತ ಸುಬೇದಾರರು ಕನ್ನಡಕ ಏರಿಸಿ ಚಿತ್ರ ನೋಡಿದರು. "ತಮ್ಮಾ, ಇದು ನಾವು ಎಪ್ಪತ್ತೊಂದರಾಗ ಹಿಡಿದದ್ದು. ಅರವತ್ತೆರಡರಾಗ ನಮ್ಮ ಹಿರಿಯರ ಕೈಯಾಗ ಇದ್ದದ್ದು ಥ್ರೀ ನಾಟ್ ಥ್ರೀ. ಒಂದು ಗುಂಡು ಹೊಡಿ, ಬೋಲ್ಟ್ ಎಳಿ, ಮತ್ತ ಹೊಡಿ. ಅದ ಅಲ್ಲೇನು ಆ ಕಥಿ?" ಎಂದರು. ಸಭೆ ಸುಮ್ಮನಾಯಿತು.

ಮಾತು ನಿಜ. ಹೊಸ ರೈಫಲ್ ಬೇಕೆಂದು ನಮ್ಮ ಕೊಡಗಿನ ಜನರಲ್ ತಿಮ್ಮಯ್ಯನವರು ಮುಂಚೆಯೇ ಕೇಳಿದ್ದರೆಂದೂ, ರಕ್ಷಣಾ ಸಚಿವ ಕೃಷ್ಣ ಮೆನನ್ ಒಪ್ಪಲಿಲ್ಲವೆಂದೂ ಆ ಯುದ್ಧದಲ್ಲಿ ಸೆರೆಯಾದ ಬ್ರಿಗೇಡಿಯರ್ ದಳವಿ 'ಹಿಮಾಲಯನ್ ಬ್ಲಂಡರ್' ಪುಸ್ತಕದಲ್ಲಿ ಬರೆದಿದ್ದಾರೆ. ರವಿ ಬೆಳಗೆರೆಯವರ ಅನುವಾದದಲ್ಲಿ ಅದನ್ನು ಅನೇಕ ಕನ್ನಡಿಗರು ಓದಿದ್ದಾರೆ.

ಎಸ್.ಎಲ್.ಆರ್. ಕೂಡ ಒಂದು ನಕಲೇ ಎಂಬುದು ಸ್ವಾರಸ್ಯ. ಅದಕ್ಕೂ ನಮ್ಮ ಪುಣೆಗೂ ನಂಟಿದೆ. 1958ರಲ್ಲಿ ಖಡಕಿಯಲ್ಲಿ ಆರಂಭವಾಗಿ ಈಗ ಪಾಷಾಣದಲ್ಲಿರುವ ಶಸ್ತ್ರಾಸ್ತ್ರ ಸಂಶೋಧನಾ ಸಂಸ್ಥೆಯ ತಂತ್ರಜ್ಞರು ಬೆಲ್ಜಿಯಂ ಮೂಲದ ಎಫ್.ಎ.ಎಲ್. ರೈಫಲನ್ನೂ ಅದರ ಬ್ರಿಟಿಷ್, ಆಸ್ಟ್ರೇಲಿಯನ್ ರೂಪಗಳನ್ನೂ ಬಿಚ್ಚಿ ನೋಡಿ, ಒಂದೊಂದರಿಂದ ಒಂದೊಂದನ್ನು ಆರಿಸಿ ಭಾರತದ್ದೇ ಮಾದರಿ ರೂಪಿಸಿದರು. ತಯಾರಾದದ್ದು ಬಂಗಾಳದ ಈಶಾಪುರ ಕಾರ್ಖಾನೆಯಲ್ಲಿ. ಪರವಾನಗಿ ಪಡೆಯದ ಈ ನಕಲಿಗೆ ಬೆಲ್ಜಿಯಂ ಕಂಪನಿ ತಕರಾರು ತೆಗೆಯಿತು. ಅವರಿಂದಲೇ ಇನ್ನಷ್ಟು ಬಂದೂಕು ಕೊಳ್ಳುವ ಒಪ್ಪಂದದಲ್ಲಿ ವ್ಯಾಜ್ಯ ಮುಗಿಯಿತು. ಹೀಗೆ ಬೆರಕೆಯಾದ್ದರಿಂದ ಬೆಲ್ಜಿಯಂ ಮಾದರಿಯ ಎಷ್ಟೋ ಬಿಡಿಭಾಗಗಳು ಇದಕ್ಕೆ ಕೂಡುವುದಿಲ್ಲ.

ಆದರೆ ಸರಕಾರ ಮಾಡಿದ್ದನ್ನು ನಾವು ಮಾಡುವಂತಿಲ್ಲ. 1959ರ ಶಸ್ತ್ರಾಸ್ತ್ರ ಕಾಯ್ದೆಯಲ್ಲಿ ಬಂದೂಕಿನ ಬಿಡಿಭಾಗವೂ ಬಂದೂಕೇ. ಪರವಾನಗಿ ಇಲ್ಲದೆ ತಯಾರಿಸಿದರೆ, ನಕಲಿಯನ್ನು ಅಸಲಿಯಾಗಿ ಮಾರ್ಪಡಿಸಿದರೆ, 2019ರ ತಿದ್ದುಪಡಿಯ ಪ್ರಕಾರ ಕನಿಷ್ಠ 7 ವರ್ಷ ಸೆರೆ, ಜೀವಾವಧಿವರೆಗೂ ಹೋಗಬಹುದು. ನಮ್ಮ ಹುಡುಗನಿಗೆ ಇದರ ಅರಿವೇ ಇರಲಿಲ್ಲ. "ಕೊಡಗಿನವರಿಗೆ ಲೈಸೆನ್ಸ್ ಬೇಡವಲ್ಲ?" ಎಂದು ಒಬ್ಬರು ಕೇಳಿದರು. 2029ರವರೆಗೆ ವಿಸ್ತರಿಸಿರುವ ಆ ವಿನಾಯಿತಿ ಕೊಡವರಿಗೆ ಮತ್ತು ಜಮ್ಮಾ ಹಿಡುವಳಿದಾರರಿಗೆ ಕೆಲವು ಬಗೆಯ ಬಂದೂಕು ಇಟ್ಟುಕೊಳ್ಳಲು ಮಾತ್ರ, ತಯಾರಿಸಲು ಅಲ್ಲ.

ಅದೇ ಕಾಯ್ದೆ ಒಂದು ದಾರಿಯನ್ನೂ ಬಿಟ್ಟಿದೆ. ಆಟಿಕೆಯಾಗಿ ಮಾತ್ರ ಬಳಕೆಗೆ ಬರುವ, ನಿಜ ಆಯುಧವಾಗಿ ಬದಲಿಸಲಾಗದ ವಸ್ತು ಆಯುಧವಲ್ಲ. ಆದ್ದರಿಂದ ನಾವು ಆರಿಸಿದ್ದು ಮರ. ನಡು, ನಳಿಗೆ ಎಲ್ಲ ಒಂದೇ ಗಟ್ಟಿ ಮರದ ತುಂಡು, ತೂತಿಲ್ಲ, ಕಬ್ಬಿಣವಿಲ್ಲ. ಪ್ರೇಕ್ಷಕರಿಗೆ ಕಾಣಬೇಕಾದದ್ದು ಮೂರೇ: ನಳಿಗೆಯ ತುದಿಯವರೆಗೆ ಚಾಚಿದ ಮರದ ಹೊದಿಕೆ, ಬಲಗಡೆಯ ಬೋಲ್ಟ್ ಹಿಡಿ, 10 ಗುಂಡಿನ ಗಿಡ್ಡ ಮ್ಯಾಗಜಿನ್. ಬೋಲ್ಟ್ ಹಿಡಿಯನ್ನಷ್ಟೇ ಅಲ್ಲಾಡುವಂತೆ ಕೂರಿಸಿದೆವು.

ಇತರ ಬಳಗಗಳಿಗೆ ಒಂದು ಸಲಹೆ: ಇಂಥವನ್ನು ಬಸ್ಸು, ಲೋಕಲ್ ರೈಲಿನಲ್ಲಿ ಕೈಯಲ್ಲಿ ಹಿಡಿದು ಹೋಗಬೇಡಿ. ಚೀಲದಲ್ಲಿ ಮುಚ್ಚಿಡಿ, ಪ್ರದರ್ಶನದ ಮುನ್ನ ಸ್ಥಳೀಯ ಪೊಲೀಸ್ ಠಾಣೆಗೆ ಪತ್ರ ಕೊಡಿ.

ಮೊದಲ ತಾಲೀಮಿಗೆ ಸುಬೇದಾರರೂ ಬಂದರು. ಮರದ ಬಂದೂಕನ್ನು ಎತ್ತಿ ಭುಜಕ್ಕಿಟ್ಟು ನೋಡಿದರು. "ಹಗೂರ ಐತಿ" ಎಂದರು. ಆಮೇಲೆ ಹುಡುಗರನ್ನು ಸಾಲಾಗಿ ನಿಲ್ಲಿಸಿ, ಅದು ಭಾರವಾಗಿದೆಯೆಂಬಂತೆ ಹಿಡಿಯುವುದನ್ನು ಒಂದು ಗಂಟೆ ಕಲಿಸಿದರು.