ಹ್ಯಾವ್ ಎಂಬ ಕ್ರಿಯಾಪದ

ಗುತ್ತೂರಿನಿಂದ ಹರಿಹರಕ್ಕೆ ಹೊರಟ ಬಸ್ಸಿನಲ್ಲಿ ನಿರ್ವಾಹಕರು ‘ಚಿಲ್ರಿ ಐತೇನ್ರಿ?’ ಎಂದು ಕೇಳುವಾಗ ಆ ವಾಕ್ಯದ ಕರ್ತೃಪದವು ಪ್ರಯಾಣಿಕನಲ್ಲ, ಚಿಲ್ಲರೆಯೇ. ಅದನ್ನು ಇಂಗ್ಲಿಷಿನಲ್ಲಿ ‘ಡು ಯು ಹ್ಯಾವ್ ಚೇಂಜ್?’ ಎಂದೊಡನೆ ಪ್ರಯಾಣಿಕನು ಕರ್ತೃವಾಗಿ ಮುಂದೆ ಬಂದು, ಚಿಲ್ಲರೆಯು ಅವನಿಗೆ ಅಧೀನವಾದ ಕರ್ಮಪದವಾಗುತ್ತದೆ.

ಕನ್ನಡವು ಇಂತಹ ಸಂಬಂಧಗಳನ್ನು ಬಿಡಿಬಿಡಿಯಾಗಿ ಗುರುತಿಸುತ್ತದೆ: ತಮ್ಮನಾದರೆ ‘ನನಗಿದ್ದಾನೆ’, ಹಣವಾದರೆ ‘ನನ್ನ ಹತ್ತಿರ ಇದೆ’, ಧೈರ್ಯವಾದರೆ ‘ನನ್ನಲ್ಲಿದೆ’, ಜ್ವರವಾದರೆ ‘ನನಗೆ ಬಂದಿದೆ’. ಇಂಗ್ಲಿಷಿಗೆ ಈ ನಾಲ್ಕಕ್ಕೂ ಹ್ಯಾವ್ ಒಂದೇ ಸಾಕು. ಅವನು, ಅವಳು ಎಂಬಲ್ಲಿ ಹ್ಯಾಸ್, ಭೂತಕಾಲಕ್ಕೆ ಹ್ಯಾಡ್, ಅಷ್ಟೆ.

ನಮ್ಮವರಲ್ಲಿ ಬೇರೂರಿದ ಪ್ರಯೋಗವೊಂದುಂಟು: ‘ಐ ಆಮ್ ಹ್ಯಾವಿಂಗ್ ಟೂ ಬ್ರದರ್ಸ್’. ಸೋದರರಿರುವುದು ಒಂದು ಸ್ಥಿತಿಯೇ ಹೊರತು ನಡೆಯುತ್ತಿರುವ ಕ್ರಿಯೆಯಲ್ಲವಾದ್ದರಿಂದ ಶಿಷ್ಟ ಇಂಗ್ಲಿಷು ಅಲ್ಲಿ ‘ಐ ಹ್ಯಾವ್’ ಎಂದಷ್ಟೇ ಹೇಳುತ್ತದೆ. ಆದರೆ ದಾವಣಗೆರೆಯ ಹೋಟೆಲಿನಲ್ಲಿ ಕುಳಿತು, ಬಿಸಿಯಾದ ಬೆಣ್ಣೆದೋಸೆಯ ತುಂಡೊಂದನ್ನು ಚಟ್ನಿಯಲ್ಲಿ ಅದ್ದುತ್ತಿರುವಾತನು ಫೋನಿನಲ್ಲಿ ‘ಐ ಆಮ್ ಹ್ಯಾವಿಂಗ್ ದೋಸೆ’ ಎಂದನಾದರೆ ಆ ಮಾತು ನಿರ್ದುಷ್ಟವಾದುದು; ಏಕೆಂದರೆ ಅಲ್ಲಿ ಹ್ಯಾವ್ ಎಂಬುದಕ್ಕೆ ತಿನ್ನುವುದೆಂದೇ ಅರ್ಥ. ಈ ಭೇದವನ್ನು ಮಕ್ಕಳಿಗೆ ನಿಯಮವಾಗಿ ಕಂಠಪಾಠ ಮಾಡಿಸುವುದಕ್ಕಿಂತ ತಟ್ಟೆಯ ಮುಂದೆಯೇ ಹೇಳಿಕೊಡುವುದು ಲೇಸೆಂದು ನನ್ನ ದೃಢವಾದ ಅಭಿಪ್ರಾಯ.

‘ಐ ಹ್ಯಾವ್ ಟು ಗೋ’ ಎಂಬಲ್ಲಿ ಅದೇ ಪದವು ನಮ್ಮ ‘ಬೇಕು’ ಆಗುತ್ತದೆ: ಹೋಗಬೇಕು. ಇನ್ನು ‘ಐ ಹ್ಯಾವ್ ಕಮ್’ ಎಂಬುದಕ್ಕೆ ಸಮನಾದ ‘ಬಂದಿದ್ದೇನೆ’ ಎಂಬ ರೂಪವನ್ನು ಬಿಡಿಸಿ ನೋಡಿದರೆ ‘ಬಂದು ಇದ್ದೇನೆ’ ಎಂದಾಗುತ್ತದೆ. ಇಂಗ್ಲಿಷು ಹ್ಯಾವ್ ಅನ್ನು ಇಟ್ಟ ಎಡೆಯಲ್ಲಿ ಕನ್ನಡವು ‘ಇರು’ ಧಾತುವನ್ನೇ ನಿಲ್ಲಿಸಿದೆ.