ಚೈನು ಉದ್ದವಾಗುವುದು ಹೇಗೆ?

ಕೆಸರು, ಮರಳು, ಕಲ್ಲುದಿಬ್ಬಗಳ ಮೇಲೆ ಓಡುವುದಕ್ಕೆಂದೇ ನಿರ್ಮಿತವಾದ ಮೋಟಾರು ಸೈಕಲ್ಲಿಗೆ ಡರ್ಟ್ ಬೈಕ್ ಎಂದು ಹೆಸರು. ಅದರ ಎಂಜಿನ್ನು ಉತ್ಪಾದಿಸಿದ ಶಕ್ತಿಯು ಹಿಂದಿನ ಗಾಲಿಯನ್ನು ಮುಟ್ಟುವುದು ಒಂದೇ ಒಂದು ಚೈನಿನ ಮೂಲಕ. ಊರಿನ ರಸ್ತೆಯಲ್ಲಿ ಓಡಾಡುವ ಅನೇಕ ಬೈಕುಗಳಲ್ಲಿ ಈ ಚೈನು ಒಂದು ಕವಚದೊಳಗೆ ಮರೆಯಾಗಿರುತ್ತದೆ. ಡರ್ಟ್ ಬೈಕಿನಲ್ಲಾದರೋ ಅದು ಮಣ್ಣಿಗೆ ಮೈಯೊಡ್ಡಿಕೊಂಡೇ ದುಡಿಯಬೇಕು.

ಇಂಥ ಬೈಕನ್ನು ಕೆಲಕಾಲ ಓಡಿಸಿದವರು “ಚೈನು ಎಳೆದು ಉದ್ದವಾಗಿದೆ” ಎನ್ನುವುದುಂಟು. ಗಟ್ಟಿಯಾದ ಉಕ್ಕು ಹೀಗೆ ಎಳೆತಕ್ಕೆ ಸಿಕ್ಕಿ ಹಿಗ್ಗಿ ಹಾಗೆಯೇ ಉಳಿಯುವುದೆ? ಸಾಮಾನ್ಯ ಬಳಕೆಯಲ್ಲಿ ಉಳಿಯದು. ಆದರೂ ಅಳೆದು ನೋಡಿದರೆ ಚೈನು ನಿಜವಾಗಿಯೂ ಉದ್ದವಾಗಿರುತ್ತದೆ. ಆ ಹೆಚ್ಚಿನ ಉದ್ದ ಎಲ್ಲಿಂದ ಬಂದಿತೆಂಬುದನ್ನು ತಿಳಿಯಬೇಕಾದರೆ ಮೊದಲು ಚೈನಿನ ರಚನೆಯನ್ನು ನೋಡಬೇಕು.

ನಾವು ಇಂದು ಬಳಸುವ ರೋಲರ್ ಚೈನನ್ನು 1880ರಲ್ಲಿ ಇಂಗ್ಲೆಂಡಿನ ಮ್ಯಾಂಚೆಸ್ಟರಿನಲ್ಲಿ ಹಾನ್ಸ್ ರೆನಾಲ್ಡ್ ಎಂಬ ಎಂಜಿನಿಯರನು ರೂಪಿಸಿದನು. ಇದರಲ್ಲಿ ಹೊರಕೊಂಡಿ, ಒಳಕೊಂಡಿಗಳು ಒಂದಾದ ಮೇಲೊಂದರಂತೆ ಬರುತ್ತವೆ. ಹೊರಕೊಂಡಿಯ ಎರಡು ಪಟ್ಟಿಗಳನ್ನು ಪಿನ್ನುಗಳು ಜೋಡಿಸುತ್ತವೆ. ಒಳಕೊಂಡಿಯ ಪಟ್ಟಿಗಳನ್ನು ಬುಷ್ ಎಂಬ ಸಣ್ಣ ಕೊಳವೆಗಳು ಜೋಡಿಸುತ್ತವೆ. ಪಿನ್ನು ಬುಷ್ಷಿನೊಳಗೆ ಕೂರುತ್ತದೆ. ಬುಷ್ಷಿನ ಮೇಲೆ ಸುಲಭವಾಗಿ ತಿರುಗುವ ರೋಲರು ಇರುತ್ತದೆ. ಹಲ್ಲುಚಕ್ರದ, ಎಂದರೆ ಸ್ಪ್ರಾಕೆಟ್ಟಿನ, ಹಲ್ಲಿಗೆ ತಾಗುವುದು ಈ ರೋಲರು.

ಚೈನು ಹಲ್ಲುಚಕ್ರವನ್ನು ಏರುವಾಗ ಪ್ರತಿಯೊಂದು ಕೀಲೂ ಬಾಗುತ್ತದೆ, ಬಿಟ್ಟುಹೋಗುವಾಗ ನೆಟ್ಟಗಾಗುತ್ತದೆ. ಮುಂದೊಂದು ಹಿಂದೊಂದು ಹಲ್ಲುಚಕ್ರವಿರುವುದರಿಂದ ಚೈನು ಒಂದು ಸುತ್ತು ಬರುವಷ್ಟರಲ್ಲಿ ಪ್ರತಿ ಕೀಲಿನಲ್ಲಿಯೂ ಪಿನ್ನು ಬುಷ್ಷಿನೊಳಗೆ ನಾಲ್ಕು ಸಲ ಉಜ್ಜುತ್ತದೆ. ಅಲ್ಲಿ ಶುದ್ಧವಾದ ಎಣ್ಣೆಯಿದ್ದರೆ ಸವೆತ ಅಲ್ಪ. ಆದರೆ ಮರಳಿನ ಬಹುಭಾಗ ಸ್ಫಟಿಕ ಶಿಲೆ. ಕಾಠಿಣ್ಯದಲ್ಲಿ ಅದು ಮೋಸ್ ಮಾಪಕದ 7ನೆಯ ಮೆಟ್ಟಿಲಿನಲ್ಲಿದೆ. ಇಂಥ ಕಣಗಳು ಎಣ್ಣೆಯೊಡನೆ ಬೆರೆತರೆ ಎಣ್ಣೆಯೇ ಅರೆಯುವ ಮುಲಾಮಾಗಿ ಪಿನ್ನನ್ನೂ ಬುಷ್ಷನ್ನೂ ತಿನ್ನುತ್ತದೆ.

ಒಂದು ಲೆಕ್ಕವನ್ನು ಮಾಡೋಣ. ಡರ್ಟ್ ಬೈಕುಗಳಲ್ಲಿ ‘520’ ಎಂಬ ಗಾತ್ರದ ಚೈನು ಸಾಮಾನ್ಯ. ಇದರಲ್ಲಿ ಒಂದು ಪಿನ್ನಿನ ನಡುವಿನಿಂದ ಮುಂದಿನ ಪಿನ್ನಿನ ನಡುವಿಗೆ ಇರುವ ದೂರ ⅝ ಅಂಗುಲ, ಅಂದರೆ 15.875 ಮಿಲಿಮೀಟರು. ಈ ದೂರಕ್ಕೆ ಪಿಚ್ ಎಂದು ಹೆಸರು. 114 ಕೊಂಡಿಗಳ ಚೈನಿನಲ್ಲಿ ಪ್ರತಿ ಕೀಲೂ ಕೇವಲ 0.16 ಮಿಲಿಮೀಟರಿನಷ್ಟು ಸವೆದಿದೆಯೆಂದು ಭಾವಿಸಿದರೆ ಚೈನು ಒಟ್ಟು 18 ಮಿಲಿಮೀಟರಿನಷ್ಟು ಉದ್ದವಾಗುತ್ತದೆ. ಇದು ಶೇಕಡಾ 1ರ ಹೆಚ್ಚಳ. ಕಣ್ಣಿಗೆ ಕಾಣದ ಸವೆತ ನೂರಾರು ಕಡೆ ಕೂಡಿ ಹೀಗೆ ಕಾಣಿಸಿಕೊಳ್ಳುತ್ತದೆ.

ಇದರಿಂದ ಆಗುವ ಹಾನಿ ಏನು? ಹಲ್ಲುಚಕ್ರದ ಹಳ್ಳಗಳು ಹಳೆಯ ಪಿಚ್ಚಿಗೆ ತಕ್ಕಂತೆಯೇ ಇವೆ. ಚೈನಿನ ಪಿಚ್ಚು ಮಾತ್ರ ಬೆಳೆದಿದೆ. ಆಗ ರೋಲರುಗಳು ಹಳ್ಳದಲ್ಲಿ ಸರಿಯಾಗಿ ಕೂರದೆ ಹಲ್ಲಿನ ಓರೆಯನ್ನು ಏರುತ್ತವೆ. ಅನೇಕ ಹಲ್ಲುಗಳು ಹಂಚಿಕೊಳ್ಳಬೇಕಾದ ಭಾರ ಕೆಲವೇ ಹಲ್ಲುಗಳ ಮೇಲೆ ಬಿದ್ದು, ಅವು ಒಂದು ಪಕ್ಕಕ್ಕೆ ಸವೆದು ಕೊಕ್ಕೆಯಂತಾಗುತ್ತವೆ. ಕೊಕ್ಕೆಯಾದ ಹಲ್ಲು ರೋಲರನ್ನು ಸಲೀಸಾಗಿ ಬಿಡುವುದಿಲ್ಲ. ಆದುದರಿಂದ ಹಳೆಯ ಹಲ್ಲುಚಕ್ರಕ್ಕೆ ಹೊಸ ಚೈನನ್ನು ಹಾಕಿದವರು ಹೊಸದನ್ನೂ ಬೇಗನೆ ಕಳೆದುಕೊಳ್ಳುತ್ತಾರೆ. ಸವೆದ ಚೈನು ಓಟದ ನಡುವೆ ಕಡಿದು ಮುಂದಿನ ಹಲ್ಲುಚಕ್ರಕ್ಕೆ ಸುತ್ತಿಕೊಂಡರೆ ಎಂಜಿನ್ನಿನ ಕವಚ ಒಡೆಯಬಹುದು. ಹಿಂದಿನ ಗಾಲಿ ತಟ್ಟನೆ ಬಿಗಿದು ಸವಾರನು ನೆಲಕ್ಕೆ ಬೀಳಬಹುದು.

ಹಾಗಾದರೆ ಸವೆತವನ್ನು ಮುಂಚೆಯೇ ಗುರುತಿಸುವುದು ಹೇಗೆ? ಎಂಜಿನ್ನನ್ನು ನಿಲ್ಲಿಸಿ, ಗೇರನ್ನು ನ್ಯೂಟ್ರಲ್ಲಿಗೆ ತಂದು, ಹಿಂದಿನ ಗಾಲಿ ನೆಲಬಿಟ್ಟು ನಿಲ್ಲುವಂತೆ ಬೈಕನ್ನು ಭದ್ರವಾಗಿ ನಿಲ್ಲಿಸಬೇಕು. ಎಂಜಿನ್ನು ಓಡುತ್ತಿರುವಾಗ ಈ ಕೆಲಸಕ್ಕೆ ಕೈಹಾಕಿ ಬೆರಳು ಕಳೆದುಕೊಂಡವರುಂಟು.

ಮೊದಲನೆಯದು ಅಳತೆ. ಚೈನನ್ನು ಶುಚಿಮಾಡಿ, ಜೋಲಿಲ್ಲದಂತೆ ಬಿಗಿಹಿಡಿದು, ಒಂದು ಪಿನ್ನಿನ ನಡುವಿನಿಂದ ಹದಿನೇಳನೆಯ ಪಿನ್ನಿನ ನಡುವಿನವರೆಗೆ ಅಳೆಯಬೇಕು. ಇದು 16 ಪಿಚ್. ಹೊಸ ಚೈನಿನಲ್ಲಿ ಇದು 254 ಮಿಲಿಮೀಟರು ಇರುತ್ತದೆ. ಶೇಕಡಾ 1ರಷ್ಟು ಬೆಳೆದರೆ 256.5, ಶೇಕಡಾ 2ರಷ್ಟು ಬೆಳೆದರೆ 259. ಎಲ್ಲಿಗೆ ನಿಲ್ಲಿಸಬೇಕೆಂಬುದನ್ನು ಆಯಾ ಬೈಕಿನ ಕೈಪಿಡಿ ಹೇಳುತ್ತದೆ. ಸಾಮಾನ್ಯವಾಗಿ ಆ ಮಿತಿ ಈ ಎರಡು ಅಂಕೆಗಳ ಆಸುಪಾಸಿನಲ್ಲಿರುತ್ತದೆ. ಸವೆತ ಎಲ್ಲೆಡೆ ಸಮನಾಗಿರದ ಕಾರಣ ಮೂರು ನಾಲ್ಕು ಕಡೆ ಅಳೆಯುವುದು ಲೇಸು.

ಎರಡನೆಯದಾಗಿ, ಹಿಂದಿನ ಹಲ್ಲುಚಕ್ರದ ಹಿಂತುದಿಯಲ್ಲಿ ಚೈನನ್ನು ಬೆರಳಿನಿಂದ ಹಿಂದಕ್ಕೆ ಎಳೆದು ನೋಡಬೇಕು. ಹೊಸ ಚೈನು ಹಲ್ಲನ್ನು ಕಚ್ಚಿಕೊಂಡೇ ಇರುತ್ತದೆ. ಅರ್ಧ ಹಲ್ಲು ಕಾಣುವಷ್ಟು ಅದು ಎದ್ದುಬಂದರೆ ಸವೆತ ಬಹಳವಾಗಿದೆಯೆಂದು ತಿಳಿಯಬೇಕು.

ಮೂರನೆಯದಾಗಿ ಹಲ್ಲುಗಳ ಆಕಾರವನ್ನು ಪರೀಕ್ಷಿಸಬೇಕು. ಎರಡು ಪಕ್ಕವೂ ಒಂದೇ ತೆರನಾಗಿದ್ದರೆ ಒಳ್ಳೆಯದು. ತುದಿ ಚೂಪಾಗಿ ಒಂದು ಕಡೆಗೆ ವಾಲಿದ್ದರೆ ಅದರ ಆಯುಷ್ಯ ಮುಗಿದಂತೆ. ಮುಂದಿನ ಚಕ್ರವನ್ನು ಮರೆಯಬಾರದು. ಮುಂದೆ 13, ಹಿಂದೆ 50 ಹಲ್ಲುಗಳಿದ್ದರೆ, ಹಿಂದಿನದು ಒಂದು ಸುತ್ತು ಬರುವಾಗ ಮುಂದಿನದು ಸುಮಾರು ನಾಲ್ಕು ಸುತ್ತು ಬರುತ್ತದೆ. ಅದರ ಒಂದೊಂದು ಹಲ್ಲಿಗೂ ನಾಲ್ಕರಷ್ಟು ದುಡಿಮೆ. ಹಲ್ಲುಗಳ ಪಕ್ಕದ ಮೈ ಒಂದೇ ಕಡೆ ಉಜ್ಜಿ ಹೊಳೆಯುತ್ತಿದ್ದರೆ ಎರಡು ಚಕ್ರಗಳೂ ಒಂದೇ ನೇರದಲ್ಲಿಲ್ಲವೆಂದು ಊಹಿಸಬಹುದು.

ಕೊನೆಯದಾಗಿ ಗಾಲಿಯನ್ನು ಕೈಯಿಂದ ಮೆಲ್ಲಗೆ ತಿರುಗಿಸುತ್ತ ಜೋಲನ್ನು ಗಮನಿಸಬೇಕು. ಒಂದೆಡೆ ಬಿಗಿ, ಇನ್ನೊಂದೆಡೆ ಸಡಿಲವಾಗಿದ್ದರೆ ಕೊಂಡಿಗಳು ಅಸಮವಾಗಿ ಸವೆದಿರಬಹುದು, ಇಲ್ಲವೆ ಹಲ್ಲುಚಕ್ರವೇ ಸೊಟ್ಟಗಾಗಿರಬಹುದು. ನೆಟ್ಟಗಾಗದೆ ಮಡಿಸಿಕೊಂಡೇ ಇರುವ ಕೊಂಡಿ, ತುಕ್ಕು ಹಿಡಿದ ಕೀಲಿನ ಗುರುತು.

ಗಾಲಿಯನ್ನು ಹಿಂದಕ್ಕೆ ಸರಿಸಿ ಚೈನನ್ನು ಬಿಗಿಮಾಡಿದರೆ ಜೋಲು ಹೋಗುತ್ತದೆ; ಸವೆತ ಹೋಗುವುದಿಲ್ಲ. ಇದನ್ನು ಮರೆತವರೇ ಬಹಳ. ಸವೆತ ಮಿತಿಮೀರಿದಾಗ ಚೈನನ್ನೂ ಎರಡು ಹಲ್ಲುಚಕ್ರಗಳನ್ನೂ ಒಟ್ಟಿಗೆ ಬದಲಾಯಿಸುವುದೇ ಮಿತವ್ಯಯ. ಅಲ್ಲಿಯವರೆಗೆ, ಕೆಸರಿನಲ್ಲಿ ಓಡಿಸಿ ಬಂದ ದಿನವೇ ಸೀಮೆಎಣ್ಣೆ ಮತ್ತು ಮೆತ್ತನೆಯ ಬ್ರಷ್ಷಿನಿಂದ ಚೈನನ್ನು ತೊಳೆದು, ಒರಸಿ, ಎಣ್ಣೆ ಹಾಕುವುದು ಅದರ ಆಯುಷ್ಯವನ್ನು ಬೆಳೆಸುವ ಸುಲಭೋಪಾಯ.

ಡರ್ಟ್ ಬೈಕಿಲ್ಲದ ವಾಚಕರೂ ಈ ಪರೀಕ್ಷೆಯನ್ನು ಮಾಡಬಹುದು. ಸೈಕಲ್ಲಿನ ಚೈನಿನ ಪಿಚ್ಚು ½ ಅಂಗುಲ. 20 ಪಿಚ್ಚಿಗೆ ಅದೇ 254 ಮಿಲಿಮೀಟರು. ಒಂದು ಅಳತೆಪಟ್ಟಿಯನ್ನು ತೆಗೆದುಕೊಂಡು ನಿಮ್ಮ ಸೈಕಲ್ಲಿನ ಚೈನನ್ನು ಅಳೆದು ನೋಡಿ. ಹೆಚ್ಚಾಗಿ ಕಂಡ ಒಂದೊಂದು ಮಿಲಿಮೀಟರೂ ಆ ಇಪ್ಪತ್ತು ಕೀಲುಗಳೊಳಗೆ ಮರಳು ನಡೆಸಿದ ಕೆಲಸದ ಲೆಕ್ಕ.