ಕಲ್ಲಿನಲ್ಲಿ ಉಳಿದ ಬಿಡುವಿನ ಹೊತ್ತು

ಹಂಪೆಯ ಮಹಾನವಮಿ ದಿಬ್ಬವನ್ನು ಹತ್ತಿ ಇಳಿಯುವವರು ಬಹಳ. ಅದರ ಗೋಡೆಗಳನ್ನು ನಿಂತು ನೋಡುವವರು ಕಡಿಮೆ. ನೋಡಿದವರಿಗೆ ಒಂದು ಸಂಗತಿ ಹೊಳೆಯುತ್ತದೆ: ಇಲ್ಲಿ ದೇವರ ಲೀಲೆಗಿಂತ ಮನುಷ್ಯರ ಆಟಪಾಟಗಳೇ ಹೆಚ್ಚು. ಜಿಂಕೆಯ ಬೆನ್ನುಹತ್ತಿದ ಬೇಟೆಗಾರರು, ಸೆಣಸುವ ಜಟ್ಟಿಗಳು, ಕುಣಿಯುವ ಹೆಣ್ಣುಗಳು, ಪರದೇಶದ ಉಡುಪು ತೊಟ್ಟ ಕುದುರೆ ವ್ಯಾಪಾರಿಗಳು, ಜೀರ್ಕೊಳವೆ ಹಿಡಿದು ಓಕುಳಿಯಾಡುವ ಸ್ತ್ರೀಯರು. ಎಲ್ಲವೂ ಬಯಲಿನಲ್ಲಿ ನಡೆಯುವ ವಿನೋದಗಳು.

ಬಯಲಿನ ವಿನೋದ ಕಲೆಯ ವಸ್ತುವಾಗುವುದು ಎಲ್ಲ ಕಾಲದಲ್ಲೂ ಒಂದೇ ಬಗೆಯಲ್ಲಲ್ಲ. ಎರಡು ಮಹಾಯುದ್ಧಗಳ ನಡುವಿನ ಬ್ರಿಟನ್ನಿನಲ್ಲಿ ಚಿತ್ರಕಾರರು ಕಡಲ ದಂಡೆಯನ್ನೂ ಉದ್ಯಾನವನ್ನೂ ರಜೆಯ ಜನಸಂದಣಿಯನ್ನೂ ಬರೆದರು. ಸ್ಟಾನ್ಲಿ ಸ್ಪೆನ್ಸರ್ 1937ರಲ್ಲಿ ಸೌತ್‌ವೋಲ್ಡ್ ಊರಿನ ಕಡಲ ದಂಡೆಯನ್ನು ಚಿತ್ರಿಸಿದ. ಮರುವರ್ಷವೇ ಕಾರ್ಮಿಕರಿಗೆ ಸಂಬಳಸಹಿತ ರಜೆ ಕೊಡುವ ಕಾಯಿದೆ ಅಲ್ಲಿ ಬಂತು. ಅಲ್ಲಿನ ಚಿತ್ರಗಳಲ್ಲಿ ಬಿಡುವು ಸಾಮಾನ್ಯರ ಸೊತ್ತಾಗುತ್ತಿತ್ತು.

ವಿಜಯನಗರದಲ್ಲಿ ಹಾಗಲ್ಲ. ಇಲ್ಲಿ ಬಿಡುವು ಅರಸನದು; ಅದೂ ರಾಜಕಾರ್ಯದ ಒಂದು ಭಾಗ. ನವರಾತ್ರಿಯ ದಿನಗಳಲ್ಲಿ ನಾಯಕರು, ಸಾಮಂತರು ರಾಜಧಾನಿಯಲ್ಲಿ ಸೇರುತ್ತಿದ್ದರು. 1520ರ ಸುಮಾರಿಗೆ ಬಂದ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯೆಸ್ ಆ ಹಬ್ಬದ ಕುಸ್ತಿ, ನೃತ್ಯ, ಬಾಣಬಿರುಸುಗಳನ್ನು ಬೆರಗಿನಿಂದ ಬಣ್ಣಿಸಿದ್ದಾನೆ. ಕೃಷ್ಣದೇವರಾಯನೇ ಬೆಳಗಾಗುವ ಮೊದಲು ಎಳ್ಳೆಣ್ಣೆ ಕುಡಿದು, ಮೈಗೆ ಹಚ್ಚಿಕೊಂಡು ಸಾಧನೆ ಮಾಡಿ, ಜಟ್ಟಿಯೊಡನೆ ಸೆಣಸುತ್ತಿದ್ದನೆಂದೂ ಆತ ಬರೆದಿದ್ದಾನೆ. ಆಟದಲ್ಲಿ ಕಾಣುವ ಮೈಬಲವೇ ಅರಸನ ಬಲಕ್ಕೆ ಸಾಕ್ಷಿ. ಬೇಟೆಯೂ ಅಷ್ಟೇ, ಅದು ವಿನೋದವೂ ಹೌದು, ಯುದ್ಧದ ತಾಲೀಮೂ ಹೌದು.

ಆದರೆ ಶಿಲ್ಪಿ ಕೆತ್ತಿದ್ದು ಅರಸನೊಬ್ಬನನ್ನೇ ಅಲ್ಲ. ಅವನು ಕುಳಿತು ನೋಡುತ್ತಾನೆ. ಕುಣಿಯುವವರು, ವಾದ್ಯ ನುಡಿಸುವವರು, ಆನೆ ನಡೆಸುವವರು, ಕುದುರೆ ಹಿಡಿದವರು ಬೇರೆ. ಒಬ್ಬನ ಬಿಡುವು ಹಲವರ ದುಡಿಮೆ. ಈ ಮಾತನ್ನು ಅಕ್ಷರದಲ್ಲಿ ಬರೆಯದಿದ್ದರೂ ದಿಬ್ಬದ ಸಾಲುಗಳು ಹೇಳುತ್ತವೆ.

ಹಾಗಾದರೆ ದುಡಿಯುವವರ ಬಿಡುವು ಎಲ್ಲಿ? ಅದು ಜಾತ್ರೆಯಲ್ಲಿ. 2021ರಲ್ಲಿ ಹೊಸಪೇಟೆಯೊಡನೆ ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ ತಾಲ್ಲೂಕುಗಳು ಸೇರಿ ವಿಜಯನಗರ ಜಿಲ್ಲೆಯಾಯಿತು. ಈ ಸೀಮೆಯ ರೈತನಿಗೆ ಸುಗ್ಗಿ ಮುಗಿದ ಮೇಲಿನ ಬಿಡುವೆಂದರೆ ಕೊಟ್ಟೂರಿನ ಗುರುಬಸವೇಶ್ವರನ ತೇರು, ಹಡಗಲಿ ತಾಲ್ಲೂಕಿನ ಮೈಲಾರದ ಕಾರ್ಣಿಕ. ಭರತ ಹುಣ್ಣಿಮೆಯ ನಂತರ ಮೈಲಾರದ ಬಯಲಿನಲ್ಲಿ ಗೊರವಯ್ಯ ಎತ್ತರದ ಬಿಲ್ಲನ್ನೇರಿ ನುಡಿಯುವ ಒಂದೇ ಸಾಲಿಗೆ ಜನಸಾಗರ ಉಸಿರು ಬಿಗಿಹಿಡಿದು ನಿಲ್ಲುತ್ತದೆ. ಆ ಸಾಲಿನಲ್ಲಿ ಅವರು ಹುಡುಕುವುದು ಮಳೆ ಬೆಳೆಯ ಭವಿಷ್ಯವನ್ನು. ರೈತನ ಬಿಡುವಿನಲ್ಲೂ ಮುಂದಿನ ದುಡಿಮೆಯ ಚಿಂತೆ ಬೆರೆತಿರುತ್ತದೆ.

ಈ ಜಾತ್ರೆಗಳಿಗೆ ದಿಬ್ಬದಂಥ ಕಲ್ಲಿನ ಸ್ಮಾರಕವಿಲ್ಲ. ಅವು ಉಳಿದಿರುವುದು ವರ್ಷ ವರ್ಷವೂ ಮತ್ತೆ ನಡೆಯುವುದರಿಂದ. ಇತ್ತ ಅರಸರ ವಿನೋದ 1565ರ ಸೋಲಿನೊಂದಿಗೆ ನಿಂತುಹೋಯಿತು; ಅದರ ಚಿತ್ರ ಮಾತ್ರ ಕಲ್ಲಿನಲ್ಲಿ ಉಳಿಯಿತು. 1986ರಲ್ಲಿ ಹಂಪೆ ವಿಶ್ವ ಪರಂಪರೆಯ ಪಟ್ಟಿಗೆ ಸೇರಿತಾದರೂ ಮಳೆ ಬಿಸಿಲಿಗೆ ಕಲ್ಲೂ ಸವೆಯುತ್ತದೆ. ಓಕುಳಿಯಾಡುವ ಆ ಹೆಣ್ಣಿನ ಮುಖ ಮಾಸುವ ಮೊದಲು ಒಮ್ಮೆ ನಿಂತು ನೋಡುವುದು ಒಳ್ಳೆಯದು.